ಒಂದೇ ಕೀಲಿಕೈ, ಹಲವು ಬಾಗಿಲು

ಹಿಂದಿನ ಕಾಲದಲ್ಲಿ ಹಳ್ಳಿಯವನೊಬ್ಬನು ಯಾವುದಾದರೊಂದು ಕೆಲಸಕ್ಕಾಗಿ ತಾಲ್ಲೂಕು ಕಚೇರಿಗೆ ಹೊರಟರೆ, ಊರಿನ ಪಟೇಲರಿಂದಲೋ ಶಾನುಭೋಗರಿಂದಲೋ ಒಂದು ಚೀಟಿಯನ್ನು ಬರೆಯಿಸಿಕೊಂಡು ಹೋಗುವುದುಂಟು. "ಈ ಚೀಟಿ ತಂದಿರುವಾತನು ನಮ್ಮೂರಿನವನು, ಇಂಥವರ ಮಗ" ಎಂಬಷ್ಟೇ ಅದರ ಒಕ್ಕಣೆ, ಕೆಳಗೆ ರುಜು. ಕಚೇರಿಯ ಗುಮಾಸ್ತನು ಆ ಹಳ್ಳಿಯವನನ್ನು ಹಿಂದೆಂದೂ ಕಂಡವನಲ್ಲ. ಆದರೆ ಪಟೇಲರ ರುಜುವನ್ನು ಬಲ್ಲನು. ಆದುದರಿಂದ ಹೊಸಬನನ್ನು ಹೆಚ್ಚು ಪ್ರಶ್ನಿಸದೆ ಅವನ ಅರ್ಜಿಯನ್ನು ತೆಗೆದುಕೊಳ್ಳುತ್ತಿದ್ದನು.

ಈ ಸಣ್ಣ ಚೀಟಿಯಲ್ಲಿ ಒಂದು ದೊಡ್ಡ ತತ್ತ್ವವು ಅಡಗಿದೆ. ಆಳನ್ನು ಗುರುತಿಸುವ ಕೆಲಸ ಒಬ್ಬರದು. ಅವನ ಅರ್ಜಿಯನ್ನು ವಿಚಾರಿಸುವ ಕೆಲಸ ಇನ್ನೊಬ್ಬರದು. ಇಬ್ಬರ ನಡುವೆ ಓಡಾಡುವುದು ನಂಬಿಕೆಗೆ ಅರ್ಹವಾದ ಒಂದು ರುಜು ಮಾತ್ರ. ಇಂದು ಪುರಸಭೆ, ಪಂಚಾಯತಿಗಳ ಸೇವೆಗಳು ಗಣಕಯಂತ್ರದ ಮೂಲಕ ಮನೆಬಾಗಿಲಿಗೆ ಬಂದಿರುವಾಗ, ಈ ಹಳೆಯ ತತ್ತ್ವವೇ ಹೊಸ ವೇಷವನ್ನು ಧರಿಸಿ ನಮ್ಮ ಮುಂದೆ ನಿಂತಿದೆ. ಇದಕ್ಕೆ 'ಸಿಂಗಲ್ ಸೈನ್-ಆನ್' ಎಂದು ಹೆಸರು. ನಾವು ಇದನ್ನು ಏಕಪ್ರವೇಶ ವ್ಯವಸ್ಥೆ ಎಂದು ಕರೆಯೋಣ. ಇದು ಹೇಗೆ ಕೆಲಸ ಮಾಡುತ್ತದೆ, ಇದರಿಂದ ಒದಗುವ ಅನುಕೂಲವೇನು, ಒಡ್ಡುವ ಅಪಾಯವೇನು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸುವೆವು.

ಕೀಲಿಕೈಗಳ ಗೊಂಚಲು

1992ರಲ್ಲಿ ಅಂಗೀಕೃತವಾದ ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು ನಮ್ಮ ಸ್ಥಳೀಯ ಸಂಸ್ಥೆಗಳಿಗೆ ಭದ್ರವಾದ ತಳಹದಿಯನ್ನು ಹಾಕಿಕೊಟ್ಟವು. ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯತಿಗಳ ಪಾಲಿಗೆ 29 ವಿಷಯಗಳೂ, ಹನ್ನೆರಡನೆಯ ಅನುಸೂಚಿಯಲ್ಲಿ ನಗರಾಡಳಿತ ಸಂಸ್ಥೆಗಳ ಪಾಲಿಗೆ 18 ವಿಷಯಗಳೂ ನಮೂದಾಗಿವೆ. ಕುಡಿಯುವ ನೀರು, ರಸ್ತೆ, ಬೀದಿದೀಪ, ಜನನ ಮರಣಗಳ ದಾಖಲೆ ಮೊದಲಾದ ನಿತ್ಯಜೀವನದ ಸಂಗತಿಗಳೆಲ್ಲವೂ ಇವುಗಳಲ್ಲಿ ಸೇರಿವೆ. ವಿಷಯಗಳು ಹಲವಾದಷ್ಟೂ ಅವುಗಳನ್ನು ನೋಡಿಕೊಳ್ಳುವ ಶಾಖೆಗಳು ಹಲವಾದವು. ಶಾಖೆಗಳು ಹಲವಾದಂತೆ ಜಾಲತಾಣಗಳೂ ಹಲವಾದವು. ಪ್ರತಿಯೊಂದು ತಾಣವೂ ತನ್ನದೇ ಆದ ಬಾಗಿಲನ್ನು ಕಟ್ಟಿ, ತನ್ನದೇ ಆದ ಬೀಗವನ್ನು ಹಾಕಿಕೊಂಡರೆ, ಪ್ರಜೆಯ ಸೊಂಟದಲ್ಲಿ ಕೀಲಿಕೈಗಳ ದೊಡ್ಡದೊಂದು ಗೊಂಚಲೇ ನೇತಾಡಬೇಕಾಗುತ್ತದೆ.

ಇದರ ಕಷ್ಟವನ್ನು ನಾವು ಹತ್ತಿರದಿಂದ ಕಂಡಿದ್ದೇವೆ. ನಮ್ಮ ತರಗತಿಯ ವಿದ್ಯಾರ್ಥಿನಿಯೊಬ್ಬಳ ತಂದೆಗೆ ಪೇಟೆಯಲ್ಲಿ ಒಂದು ಸಣ್ಣ ಅಂಗಡಿಯುಂಟು. ಅದರ ಪರವಾನಗಿಯನ್ನು ನವೀಕರಿಸಬೇಕಾಗಿತ್ತು. ಕಂದಾಯ ಕಟ್ಟಿದ ರಸೀದಿ ಒಂದು ತಾಣದಲ್ಲಿ, ನೀರಿನ ಬಾಕಿಯಿಲ್ಲವೆಂಬ ದಾಖಲೆ ಇನ್ನೊಂದರಲ್ಲಿ, ಪರವಾನಗಿಯ ಅರ್ಜಿ ಮತ್ತೊಂದರಲ್ಲಿ. ಮೂರಕ್ಕೂ ಬೇರೆಬೇರೆ ಪಾಸ್‌ವರ್ಡುಗಳು. ಅವುಗಳಲ್ಲೊಂದು ಮರೆತುಹೋಗಿತ್ತು, ಹೊಸದನ್ನು ಪಡೆಯೋಣವೆಂದರೆ, ಆ ತಾಣದಲ್ಲಿ ದಾಖಲಾಗಿದ್ದುದು ಕೆಲವು ವರ್ಷಗಳ ಹಿಂದೆ ಬಿಟ್ಟುಹೋದ ಫೋನಿನ ಸಂಖ್ಯೆ. ಎರಡು ದಿನಗಳ ಕಾಲ ತಂದೆಮಗಳಿಬ್ಬರೂ ಹೆಣಗಿದರು. ಅಷ್ಟರಲ್ಲಿ ಗಡುವು ಮೀರಿತು, ದಂಡವನ್ನು ತೆರಬೇಕಾಯಿತು. ಆ ಕುಟುಂಬದ ತಪ್ಪೇನೂ ಇರಲಿಲ್ಲ. ಕಂದಾಯವೂ ಸಂದಿತ್ತು, ನೀರಿನ ಹಣವೂ ಸಂದಿತ್ತು. ತಾನು ತಾನೇ ಎಂಬುದನ್ನು ಯಂತ್ರಕ್ಕೆ ಮನಗಾಣಿಸಲು ಆ ಅಂಗಡಿಯ ಯಜಮಾನರಿಗೆ ಆಗಲಿಲ್ಲ, ಅಷ್ಟೆ.

ಕೀಲಿಕೈಗಳು ಹೆಚ್ಚಾದಾಗ ಜನರು ಸುಲಭವಾದ ದಾರಿಯನ್ನು ಹಿಡಿಯುವುದು ಸಹಜ. ಎಲ್ಲ ತಾಣಗಳಿಗೂ ಒಂದೇ ಪಾಸ್‌ವರ್ಡನ್ನು ಇಟ್ಟುಕೊಳ್ಳುತ್ತಾರೆ. ಇದರ ಫಲವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಒಂದು ತಾಣದ ಗುಟ್ಟು ವರ್ಷವೊಂದರಲ್ಲಿ ಹೊರಬೀಳದೆ ಉಳಿಯುವ ಸಂಭವವು 10ರಲ್ಲಿ 9 ಎಂದು ಊಹಿಸೋಣ. ಒಂದಕ್ಕೊಂದು ಸಂಬಂಧವಿಲ್ಲದ ಐದು ತಾಣಗಳೂ ಉಳಿಯುವ ಸಂಭವವೆಷ್ಟು? 0.9ನ್ನು ಐದು ಸಾರಿ ಗುಣಿಸಬೇಕು. ಬರುವುದು ಸುಮಾರು 0.59. ಅಂದರೆ ಐದರಲ್ಲಿ ಯಾವುದೋ ಒಂದು ಸೋರುವ ಸಂಭವವು ನೂರಕ್ಕೆ 41. ಪಾಸ್‌ವರ್ಡ್ ಒಂದೇ ಆಗಿದ್ದರೆ, ಒಂದು ಸೋರಿದಾಗ ಐದೂ ಸೋರಿದಂತೆಯೇ. ಸರಪಳಿಯ ಬಲವೆಲ್ಲವೂ ಅದರ ಅತ್ಯಂತ ದುರ್ಬಲವಾದ ಕೊಂಡಿಯಲ್ಲಿರುವುದೆಂಬುದು ಇಲ್ಲಿಯೂ ನಿಜ.

ಮೂರು ತಲೆಯ ಕಾವಲುನಾಯಿ

ಗಣಕಯಂತ್ರಕ್ಕೆ ಪಾಸ್‌ವರ್ಡ್ ಬಂದುದು 1960ರ ದಶಕದ ಆರಂಭದಲ್ಲಿ. ಅಮೆರಿಕದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ನೇತೃತ್ವದಲ್ಲಿ, ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆಯೊಂದು ರೂಪುಗೊಂಡಿತು. ಒಬ್ಬರ ಕಡತವನ್ನು ಇನ್ನೊಬ್ಬರು ನೋಡದಿರಲೆಂದು ಪಾಸ್‌ವರ್ಡನ್ನು ಇಟ್ಟರು. 1962ರಲ್ಲಿ ಅಲ್ಲಿಯ ಸಂಶೋಧಕರಾದ ಆಲನ್ ಶೆರ್ ಅವರು, ತಮಗೆ ಗೊತ್ತುಮಾಡಿದ್ದ ಯಂತ್ರದ ವೇಳೆಯು ಸಾಲದೆ, ಎಲ್ಲರ ಪಾಸ್‌ವರ್ಡುಗಳಿದ್ದ ಕಡತವನ್ನೇ ಅಚ್ಚುಹಾಕಿಸಿಕೊಂಡರು! ಬೀಗ ಹುಟ್ಟಿದ ಸ್ವಲ್ಪ ಕಾಲದಲ್ಲಿಯೇ ಬೀಗ ತೆರೆಯುವ ಉಪಾಯವೂ ಹುಟ್ಟಿತೆಂದು ಹೇಳಬಹುದು.

ಅದೇ ಸಂಸ್ಥೆಯಲ್ಲಿ 1983ರಲ್ಲಿ 'ಅಥೀನಾ' ಎಂಬ ಯೋಜನೆಯು ಪ್ರಾರಂಭವಾಯಿತು. ಆವರಣದ ತುಂಬ ಹರಡಿದ್ದ ಯಂತ್ರಗಳಲ್ಲಿ ಯಾವುದರ ಮುಂದೆ ಕುಳಿತರೂ ವಿದ್ಯಾರ್ಥಿಗೆ ತನ್ನ ಕೆಲಸವು ದೊರೆಯಬೇಕೆಂಬುದು ಅದರ ಗುರಿ. ಹೋದ ಹೋದ ಯಂತ್ರಕ್ಕೆಲ್ಲ ಪಾಸ್‌ವರ್ಡನ್ನು ಒಪ್ಪಿಸುತ್ತ ಹೋದರೆ, ತಂತಿಯಲ್ಲಿ ಹರಿಯುವ ಗುಟ್ಟನ್ನು ಯಾರಾದರೂ ಕದ್ದು ಕೇಳಿಯಾರು. ಇದಕ್ಕೆ ಪರಿಹಾರವಾಗಿ ಅವರು ರಚಿಸಿದ ಪದ್ಧತಿಗೆ, ಗ್ರೀಕರ ಪುರಾಣದಲ್ಲಿ ಪಾತಾಳದ ಬಾಗಿಲನ್ನು ಕಾಯುವ ಮೂರು ತಲೆಯ ನಾಯಿಯ ಹೆಸರನ್ನು ಕೊಟ್ಟರು: ಕೆರ್ಬೆರೋಸ್. 1989ರಲ್ಲಿ ಇದು ಸಾರ್ವಜನಿಕರ ಬಳಕೆಗೆ ದೊರೆಯಿತು. ಬಳಕೆದಾರನು ಬೆಳಗ್ಗೆ ಒಮ್ಮೆ ತನ್ನ ಗುರುತನ್ನು ಕೇಂದ್ರಕ್ಕೆ ಸ್ಥಾಪಿಸಿ ಒಂದು 'ಟಿಕೆಟ್' ಪಡೆಯುತ್ತಾನೆ. ಕೆಲವು ಗಂಟೆಗಳವರೆಗೆ ಆ ಟಿಕೆಟ್ಟಿನ ಬಲದಿಂದಲೇ ಉಳಿದ ಸೇವೆಗಳನ್ನು ಪಡೆಯುತ್ತಾನೆ. ಪಾಸ್‌ವರ್ಡ್ ತಂತಿಯ ಮೇಲೆ ಸಂಚರಿಸುವುದೇ ಇಲ್ಲ.

ಒಂದು ಆವರಣದೊಳಗಣ ಈ ಉಪಾಯವು ಜಗದ್ವ್ಯಾಪಿಯಾದ ಅಂತರಜಾಲಕ್ಕೆ ಹಾಗೆಯೇ ಹೊಂದಲಿಲ್ಲ. ಬೇರೆಬೇರೆ ಸಂಸ್ಥೆಗಳು ಒಂದರ ಚೀಟಿಯನ್ನು ಮತ್ತೊಂದು ಓದಬಲ್ಲಂತೆ ಸಮಾನವಾದ ಒಕ್ಕಣೆಯು ಬೇಕಾಯಿತು. 2005ರಲ್ಲಿ ಪ್ರಕಟವಾದ 'ಸ್ಯಾಮಲ್'ನ ಎರಡನೆಯ ಆವೃತ್ತಿ, 2014ರಲ್ಲಿ ಪ್ರಕಟವಾದ 'ಓಪನ್ ಐಡಿ ಕನೆಕ್ಟ್' ಎಂಬಿವು ಇಂತಹ ಒಕ್ಕಣೆಗಳಲ್ಲಿ ಮುಖ್ಯವಾದವು.

ಚೀಟಿಯ ಪ್ರಯಾಣ

ಎರಡನೆಯ ಪದ್ಧತಿಯು ಹೇಗೆ ನಡೆಯುವುದೆಂಬುದನ್ನು ಹಂತಹಂತವಾಗಿ ನೋಡೋಣ. ಇದರಲ್ಲಿ ಪಾತ್ರಧಾರಿಗಳು ಮೂವರು: ಪ್ರಜೆಯ ಕೈಯಲ್ಲಿರುವ ಬ್ರೌಸರ್, ಪುರಸಭೆಯ ತಾಣ, ಗುರುತನ್ನು ಹೇಳುವ ತಾಣ. ಕೊನೆಯದನ್ನು ಗುರುತಿನ ಮನೆ ಎನ್ನೋಣ.

ಪ್ರಜೆಯು ಆಸ್ತಿ ತೆರಿಗೆಯನ್ನು ಕಟ್ಟಲು ಪುರಸಭೆಯ ತಾಣಕ್ಕೆ ಬರುತ್ತಾನೆ. ತಾಣವು ಅವನನ್ನು ಪಾಸ್‌ವರ್ಡ್ ಕೇಳುವುದಿಲ್ಲ. "ನಾನು ಇಂಥ ಪುರಸಭೆ; ಈತನನ್ನು ಗುರುತಿಸಿ ಇಂಥ ವಿಳಾಸಕ್ಕೆ ಹಿಂದಕ್ಕೆ ಕಳುಹಿಸಿರಿ" ಎಂಬ ಸಂದೇಶದೊಡನೆ, ಆಗಷ್ಟೇ ಹುಟ್ಟಿಸಿದ ಒಂದು ಯಾದೃಚ್ಛಿಕ ಸಂಖ್ಯೆಯನ್ನೂ ಸೇರಿಸಿ, ಬ್ರೌಸರನ್ನು ಗುರುತಿನ ಮನೆಗೆ ಅಟ್ಟುತ್ತದೆ. ಅಲ್ಲಿ ಪ್ರಜೆಯು ತನ್ನ ಪಾಸ್‌ವರ್ಡನ್ನು ಕೊಡುತ್ತಾನೆ. ಫೋನಿಗೆ ಬಂದ ಆರಂಕೆಯ ಒ.ಟಿ.ಪಿ.ಯನ್ನೂ ತುಂಬುತ್ತಾನೆ. ಮೊದಲನೆಯದು ಅವನಿಗೆ ತಿಳಿದಿರುವುದು. ಎರಡನೆಯದು ಅವನ ಬಳಿಯಲ್ಲಿರುವ ವಸ್ತುವಿಗೆ ಸಾಕ್ಷಿ. ಆರಂಕೆಯ ಸಂಖ್ಯೆಗಳು 10 ಲಕ್ಷ. ಮೂರೇ ಪ್ರಯತ್ನಗಳಿಗೆ ಅವಕಾಶವಿದ್ದರೆ, ಊಹಿಸಿ ಗೆಲ್ಲುವ ಸಂಭವವು 10 ಲಕ್ಷದಲ್ಲಿ 3 ಮಾತ್ರ.

ಗುರುತು ಸಮರ್ಪಕವಾದೊಡನೆ ಗುರುತಿನ ಮನೆಯು ಬ್ರೌಸರಿನ ಕೈಗೆ ಒಂದೇ ಸಾರಿ ಬಳಸಬಹುದಾದ ಒಂದು ಸಂಕೇತವನ್ನು ಕೊಟ್ಟು ಪುರಸಭೆಯ ಬಳಿಗೆ ಹಿಂದಿರುಗಿಸುತ್ತದೆ. ಪುರಸಭೆಯ ಸರ್ವರ್ ಆ ಸಂಕೇತವನ್ನು ತೆಗೆದುಕೊಂಡು, ತನ್ನ ಮತ್ತು ಗುರುತಿನ ಮನೆಯ ನಡುವಣ ಗುಟ್ಟನ್ನೂ ಸೇರಿಸಿ, ನೇರವಾಗಿ ಗುರುತಿನ ಮನೆಯನ್ನು ಕೇಳುತ್ತದೆ. ಆಗ ರುಜುಮಾಡಿದ ಚೀಟಿಯು ಬರುತ್ತದೆ. ಚೀಟಿಯನ್ನು ಕೊಟ್ಟವರು ಯಾರು, ಯಾರ ಬಗೆಗೆ ಕೊಟ್ಟರು, ಯಾರಿಗಾಗಿ ಕೊಟ್ಟರು, ಯಾವ ಕ್ಷಣದವರೆಗೆ ಅದು ಸಲ್ಲುತ್ತದೆ ಎಂಬಿವೆಲ್ಲವೂ ಅದರಲ್ಲಿರುತ್ತವೆ. ಮೊದಲು ಕಳುಹಿಸಿದ ಯಾದೃಚ್ಛಿಕ ಸಂಖ್ಯೆಯೂ ಮರಳಿ ಬಂದಿರುತ್ತದೆ. ಇವುಗಳಲ್ಲಿ ಒಂದೂ ಅನಾವಶ್ಯಕವಲ್ಲ. 'ಯಾರಿಗಾಗಿ' ಎಂಬುದಿಲ್ಲದಿದ್ದರೆ, ಒಂದು ತಾಣಕ್ಕೆ ಕೊಟ್ಟ ಚೀಟಿಯನ್ನು ಮತ್ತೊಂದರಲ್ಲಿ ಚಲಾಯಿಸಬಹುದಾಗಿತ್ತು. ಅವಧಿಯಿಲ್ಲದಿದ್ದರೆ, ಕದ್ದ ಚೀಟಿಯು ಎಂದೆಂದಿಗೂ ಸಲ್ಲುತ್ತಿತ್ತು. ಯಾದೃಚ್ಛಿಕ ಸಂಖ್ಯೆಯಿಲ್ಲದಿದ್ದರೆ, ನಿನ್ನೆಯ ಚೀಟಿಯನ್ನು ಇಂದಿನದೆಂದು ತೋರಿಸಬಹುದಾಗಿತ್ತು.

ಇನ್ನು ಅದೇ ಪ್ರಜೆಯು ನೀರಿನ ತಾಣಕ್ಕೆ ಹೋದನೆನ್ನೋಣ. ಅದೂ ಅವನನ್ನು ಗುರುತಿನ ಮನೆಗೆ ಕಳುಹಿಸುತ್ತದೆ. ಆದರೆ ಸ್ವಲ್ಪ ಹೊತ್ತಿಗೆ ಮೊದಲು ಅಲ್ಲಿಗೆ ಬಂದಾಗ ಗುರುತಿನ ಮನೆಯು ಬ್ರೌಸರಿನಲ್ಲಿ ಒಂದು 'ಕುಕಿ'ಯನ್ನು, ಎಂದರೆ ಗುರುತಿನ ಬಿಲ್ಲೆಯನ್ನು, ಇಟ್ಟಿರುತ್ತದೆ. ಅದನ್ನು ಕಂಡು, ಮತ್ತೆ ಪಾಸ್‌ವರ್ಡ್ ಕೇಳದೆ ಹೊಸ ಚೀಟಿಯನ್ನು ಕೊಡುತ್ತದೆ. ಏಕಪ್ರವೇಶದ ರಹಸ್ಯವು ಇಷ್ಟೇ. ಪುರಸಭೆಯಾಗಲಿ ನೀರಿನ ಶಾಖೆಯಾಗಲಿ ಪಾಸ್‌ವರ್ಡನ್ನು ಎಂದೂ ನೋಡುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ನೋಡದುದನ್ನು ಸೋರಗೊಡಿಸುವಂತೆಯೂ ಇಲ್ಲವಷ್ಟೆ.

ನಕಲಿಯಾಗದ ರುಜು

ಪಟೇಲರ ರುಜುವನ್ನು ಕುಶಲಿಯೊಬ್ಬನು ನಕಲು ಮಾಡಬಹುದಾಗಿತ್ತು. ಗಣಕಯಂತ್ರದ ರುಜುವು ಹಾಗಲ್ಲ. ಅದು ಅಂಕಗಣಿತದ ಮೇಲೆ ನಿಂತಿದೆ. 1977ರಲ್ಲಿ ರಿವೆಸ್ಟ್, ಶಮೀರ್, ಅಡಲ್‌ಮನ್ ಎಂಬ ಮೂವರು ಕಂಡುಹಿಡಿದ ಪದ್ಧತಿಯನ್ನು ಸಣ್ಣ ಸಂಖ್ಯೆಗಳಿಂದ ವಿವರಿಸಬಹುದು. ಓದುಗರು ಕಾಗದ ಪೆನ್ಸಿಲ್ ಹಿಡಿದು ಪರೀಕ್ಷಿಸಬೇಕೆಂದು ಕೋರುತ್ತೇವೆ.

3 ಮತ್ತು 11 ಎಂಬ ಎರಡು ಅವಿಭಾಜ್ಯ ಸಂಖ್ಯೆಗಳನ್ನು ತೆಗೆದುಕೊಳ್ಳೋಣ. ಇವುಗಳ ಗುಣಲಬ್ಧ 33. ಒಂದೊಂದರಿಂದಲೂ ಒಂದನ್ನು ಕಳೆದು ಗುಣಿಸಿದರೆ 2×10, ಎಂದರೆ 20. ಈಗ ಗುಣಲಬ್ಧವನ್ನು 20ರಿಂದ ಭಾಗಿಸಿದಾಗ ಶೇಷ 1 ಉಳಿಯುವಂತಹ ಎರಡು ಸಂಖ್ಯೆಗಳು ಬೇಕು: 3 ಮತ್ತು 7 ಸರಿಹೋಗುತ್ತವೆ, ಏಕೆಂದರೆ 3×7=21. ಗುರುತಿನ ಮನೆಯು 33 ಮತ್ತು 3 ಎಂಬ ಸಂಖ್ಯೆಗಳನ್ನು ಎಲ್ಲರಿಗೂ ಸಾರುತ್ತದೆ, 7ನ್ನು ಗುಟ್ಟಾಗಿಡುತ್ತದೆ.

ಚೀಟಿಯ ಸಾರಾಂಶವು 4 ಎಂಬ ಸಂಖ್ಯೆ ಎಂದಿಟ್ಟುಕೊಳ್ಳೋಣ. ಏಳು ನಾಲ್ಕುಗಳನ್ನು ಒಂದಕ್ಕೊಂದು ಗುಣಿಸಿದರೆ 16,384. ಇದನ್ನು 33ರಿಂದ ಭಾಗಿಸಿದರೆ ಶೇಷ 16. ಇದೇ ರುಜು. ಚೀಟಿಯ ಜೊತೆಗೆ 16 ಹೋಗುತ್ತದೆ. ಪುರಸಭೆಯು ಬಹಿರಂಗವಾದ 3ನ್ನು ಬಳಸಿ ಪರೀಕ್ಷಿಸುತ್ತದೆ: ಮೂರು ಹದಿನಾರುಗಳ ಗುಣಲಬ್ಧ 4,096, 33ರಿಂದ ಭಾಗಿಸಿದರೆ ಶೇಷ 4. ಸಾರಾಂಶವು ತಾಳೆಯಾಯಿತು! ದಾರಿಯಲ್ಲಿ ಯಾರಾದರೂ ಚೀಟಿಯನ್ನು ತಿದ್ದಿ ಸಾರಾಂಶವನ್ನು 5 ಮಾಡಿದ್ದರೆ, ಪರೀಕ್ಷೆಯಲ್ಲಿ 4 ಬರುತ್ತಿತ್ತು, ಮೋಸವು ಬಯಲಾಗುತ್ತಿತ್ತು.

ರುಜುವನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಮಾಡಬಲ್ಲವರು 7ನ್ನು ಬಲ್ಲವರು ಮಾತ್ರ. 7ನ್ನು ಕಂಡುಹಿಡಿಯಬೇಕಾದರೆ 33ನ್ನು 3×11 ಎಂದು ಒಡೆಯಬೇಕು. ಇದು ಬಾಲಕರಿಗೂ ಸಾಧ್ಯ. ಆದರೆ ನಿಜವಾದ ಬಳಕೆಯಲ್ಲಿ 33ರ ಸ್ಥಾನದಲ್ಲಿ ಸುಮಾರು 617 ಅಂಕೆಗಳ ಸಂಖ್ಯೆ ಇರುತ್ತದೆ. ಅದನ್ನು ಒಡೆಯುವುದು ಇಂದಿನ ಯಂತ್ರಗಳ ಶಕ್ತಿಗೆ ಮೀರಿದ ಕೆಲಸ.

ಗುರುತು ಬೇರೆ, ಹಕ್ಕು ಬೇರೆ

ಭಾರತ ಸರಕಾರವು 2022ರ ಜುಲೈ 4ರಂದು 'ಮೇರಿ ಪೆಹಚಾನ್' ಎಂಬ ರಾಷ್ಟ್ರೀಯ ಏಕಪ್ರವೇಶ ಸೇವೆಯನ್ನು ಗಾಂಧಿನಗರದಲ್ಲಿ ಉದ್ಘಾಟಿಸಿತು. ಇದರಲ್ಲಿ ಗುರುತಿನ ಮನೆ ಒಂದಲ್ಲ, ಮೂರು: ಡಿಜಿಲಾಕರ್, ಇ-ಪ್ರಮಾಣ್, ಜನ್ ಪರಿಚಯ್. ಇವುಗಳಲ್ಲಿ ಯಾವುದಾದರೊಂದರಲ್ಲಿ ಹೆಸರು ನೋಂದಾಯಿಸಿದವರು, ಈ ಸೇವೆಯನ್ನು ಅಳವಡಿಸಿಕೊಂಡ ಸರಕಾರಿ ತಾಣಗಳನ್ನು ಅದೇ ಗುರುತಿನಿಂದ ಪ್ರವೇಶಿಸಬಹುದು. ಇಂತಹ ಏರ್ಪಾಡಿನಿಂದ ಸಣ್ಣ ಪುರಸಭೆಗಳಿಗೆ ವಿಶೇಷವಾದ ಲಾಭವುಂಟು. ಪಾಸ್‌ವರ್ಡುಗಳನ್ನು ಭದ್ರವಾಗಿ ಕಾಯುವುದು ನಿಪುಣರ ಕೆಲಸ. ಅದನ್ನು ಪ್ರತಿಯೊಂದು ಊರೂ ಪ್ರತ್ಯೇಕವಾಗಿ ಕಲಿಯಬೇಕಾಗಿಲ್ಲ.

ಆದರೆ ಒಂದು ಭ್ರಾಂತಿಗೆ ಎಡೆಗೊಡಬಾರದು. ಚೀಟಿಯು ಹೇಳುವುದು 'ಈತನು ಯಾರು' ಎಂಬುದನ್ನು ಮಾತ್ರ. 'ಈತನಿಗೆ ಏನು ಸಲ್ಲಬೇಕು' ಎಂಬುದನ್ನಲ್ಲ. ಮನೆಯ ಖಾತೆಯು ಯಾರ ಹೆಸರಿನಲ್ಲಿದೆ ಎಂಬುದನ್ನು ಪುರಸಭೆಯ ದಾಖಲೆಯೇ ಹೇಳಬೇಕು. ಅಲ್ಲಿ 'ತಿಮ್ಮಪ್ಪ ಬಿನ್ ರಾಮಯ್ಯ' ಎಂದಿದ್ದು, ಚೀಟಿಯಲ್ಲಿ 'ಆರ್. ತಿಮ್ಮಪ್ಪ' ಎಂದಿದ್ದರೆ ಯಂತ್ರಕ್ಕೆ ಅವರಿಬ್ಬರೂ ಬೇರೆ. ತೀರಿಕೊಂಡ ಅಜ್ಜನ ಹೆಸರಿನಲ್ಲಿಯೇ ಖಾತೆಯು ಉಳಿದಿದ್ದರೆ, ಎಷ್ಟು ಸೊಗಸಾದ ಪ್ರವೇಶ ವ್ಯವಸ್ಥೆಯಿಂದಲೂ ಮೊಮ್ಮಗನಿಗೆ ಪ್ರಯೋಜನವಿಲ್ಲ. ಹಳೆಯ ದಾಖಲೆಯನ್ನು ಹೊಸ ಗುರುತಿಗೆ ಜೋಡಿಸುವ ಕೆಲಸಕ್ಕೆ ಮನುಷ್ಯನ ಕಣ್ಣು, ಮನುಷ್ಯನ ತಾಳ್ಮೆಗಳೇ ಬೇಕು.

ಕೀಲಿಕೈ ಕಳೆದರೆ?

ಈಗ ನಮ್ಮ ವಿದ್ಯಾರ್ಥಿನಿಯ ಕಥೆಗೆ ಹಿಂದಿರುಗೋಣ. ಆ ಊರಿನಲ್ಲಿ ಏಕಪ್ರವೇಶವಿದ್ದಿದ್ದರೆ ಅವಳ ತಂದೆಯ ಕಷ್ಟವು ತಪ್ಪುತ್ತಿತ್ತೆ? ಒಂದೇ ಪಾಸ್‌ವರ್ಡಾದುದರಿಂದ ಮರೆಯುವ ಸಂಭವವು ಕಡಮೆಯಾಗುತ್ತಿತ್ತು. ಆದರೆ ಆ ಒಂದೇ ಗುರುತು ಹಳೆಯ ಫೋನಿನ ಸಂಖ್ಯೆಗೆ ಕಟ್ಟುಬಿದ್ದಿದ್ದರೆ? ಆಗ ಒಂದು ಬಾಗಿಲಿಗೆ ಬದಲಾಗಿ ಮೂರೂ ಮುಚ್ಚುತ್ತಿದ್ದವು. ಅನುಕೂಲವನ್ನು ಒಂದೆಡೆ ಕೂಡಿಸಿದಾಗ ಅಪಾಯವೂ ಅಲ್ಲಿಯೇ ಕೂಡುತ್ತದೆ.

ಇತಿಹಾಸದಲ್ಲಿ ಇದಕ್ಕೆ ನಿದರ್ಶನಗಳುಂಟು. ಎಸ್ಟೋನಿಯ ದೇಶದಲ್ಲಿ 2002ರಿಂದ ಪ್ರಜೆಗಳಿಗೆ ಗುರುತಿನ ಚೀಟಿಯನ್ನು ಕೊಡುತ್ತಿದ್ದಾರೆ; ಅದರೊಳಗಣ ಚಿಪ್ಪಿನಿಂದ ರಾಷ್ಟ್ರದ ಸೇವೆಗಳನ್ನೂ ಊರಿನ ಸೇವೆಗಳನ್ನೂ ಪಡೆಯಬಹುದು. 2017ರಲ್ಲಿ, ಚೆಕ್ ದೇಶದ ಮಸಾರಿಕ್ ವಿಶ್ವವಿದ್ಯಾಲಯದ ಸಂಶೋಧಕರು ಆ ಚಿಪ್ಪಿನ ಒಂದು ದೋಷವನ್ನು ಕಂಡುಹಿಡಿದರು. ನಾವು ಮೇಲೆ ಹೇಳಿದ ಅವಿಭಾಜ್ಯ ಸಂಖ್ಯೆಗಳನ್ನು ಅದು ಯಾದೃಚ್ಛಿಕವಾಗಿ ಆರಿಸದೆ, ಒಂದು ಬಗೆಯ ಅಚ್ಚಿನಲ್ಲಿ ಎರಕಹೊಯ್ದಂತೆ ಆರಿಸುತ್ತಿತ್ತು. ಆದುದರಿಂದ ದೊಡ್ಡ ಸಂಖ್ಯೆಯನ್ನು ಒಡೆಯುವುದು ಇರಬೇಕಾದುದಕ್ಕಿಂತ ಬಹಳ ಸುಲಭವಾಗಿತ್ತು. ಸುಮಾರು 7 ಲಕ್ಷ 60 ಸಾವಿರ ಚೀಟಿಗಳಿಗೆ ಈ ದೋಷವು ತಗುಲಿತ್ತು. ನವೆಂಬರ್ 3ರಂದು ಸರಕಾರವು ಅವುಗಳ ರುಜುಪತ್ರಗಳನ್ನು ತಡೆಹಿಡಿದು, ಬೇರೆ ಬಗೆಯ ಗಣಿತವನ್ನು ಅವಲಂಬಿಸಿದ ಹೊಸ ಕೀಲಿಗಳನ್ನು ತುಂಬಿಸಿತು. ದೇಶವು ಬಾಗಿಲನ್ನು ಮುಚ್ಚಿದುದು ಗಟ್ಟಿತನದ ಲಕ್ಷಣ. ಆದರೆ ಒಂದೇ ಕೀಲಿಯ ಮೇಲೆ ಎಷ್ಟೊಂದು ಭಾರವು ಬಿದ್ದಿತ್ತೆಂಬುದೂ ಅಂದು ತಿಳಿಯಿತು.

ಎರಡನೆಯ ಅಪಾಯವು ಇನ್ನೂ ಸೂಕ್ಷ್ಮವಾದುದು. ಪ್ರಜೆಯು ಎಲ್ಲಿಗೆ ಹೋದರೂ ಗುರುತಿನ ಮನೆಯ ಮೂಲಕವೇ ಹೋಗಬೇಕಾದುದರಿಂದ, ಅವನು ಯಾವಾಗ ಆಸ್ಪತ್ರೆಯ ತಾಣಕ್ಕೆ ಹೋದನು, ಯಾವಾಗ ಸಾಲದ ತಾಣಕ್ಕೆ ಹೋದನು ಎಂಬುದೆಲ್ಲವೂ ಅಲ್ಲಿ ದಾಖಲಾಗಬಹುದು. ಎಲ್ಲ ಕಚೇರಿಗಳೂ ಅವನನ್ನು ಒಂದೇ ಸಂಖ್ಯೆಯಿಂದ ಗುರುತಿಸಿದರೆ, ಅವನ ಬಾಳಿನ ಚೂರುಗಳನ್ನು ಯಾರಾದರೂ ಜೋಡಿಸಿ ನೋಡಬಹುದು. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ನಮಗೆ ಸ್ಮರಣೀಯ.

ಇದಕ್ಕೆ ವಿಜ್ಞಾನದಲ್ಲಿ ಪರಿಹಾರವಿಲ್ಲದೆ ಇಲ್ಲ. ಆಸ್ಟ್ರಿಯ ದೇಶವು 2004ರ ತನ್ನ ಕಾನೂನಿನಲ್ಲಿ ಒಂದು ಜಾಣತನದ ಕ್ರಮವನ್ನು ಅನುಸರಿಸಿತು. ಪ್ರಜೆಯ ಮೂಲಸಂಖ್ಯೆಯನ್ನು ಆಯಾ ಕ್ಷೇತ್ರದ ಗುರುತಿನೊಡನೆ ಬೆರೆಸಿ, ಏಕಮುಖವಾದ ಗಣಿತಕ್ರಿಯೆಯೊಂದಕ್ಕೆ ಒಳಪಡಿಸಿ, ಒಂದೊಂದು ಕ್ಷೇತ್ರಕ್ಕೂ ಬೇರೆ ಬೇರೆ ಸಂಖ್ಯೆಯನ್ನು ಹುಟ್ಟಿಸುತ್ತಾರೆ. ಬೀಸುವ ಕಲ್ಲಿನಲ್ಲಿ ಹಿಟ್ಟಾದ ರಾಗಿಯನ್ನು ಮತ್ತೆ ಕಾಳಾಗಿಸಲಾಗದಂತೆ, ಈ ಸಂಖ್ಯೆಯಿಂದ ಮೂಲಸಂಖ್ಯೆಗೆ ಹಿಂದಿರುಗಲಾಗದು. ತೆರಿಗೆಯ ಕಚೇರಿಯ ಸಂಖ್ಯೆಯನ್ನೂ ಆರೋಗ್ಯದ ಕಚೇರಿಯ ಸಂಖ್ಯೆಯನ್ನೂ ಪಕ್ಕಪಕ್ಕದಲ್ಲಿಟ್ಟರೂ ಅವು ಒಬ್ಬನವೇ ಎಂದು ತಿಳಿಯದು. ಆದರೆ ಮೂಲಸಂಖ್ಯೆಯು ಊಹೆಗೆ ಸಿಕ್ಕುವಂತಿರಬಾರದು. 12 ಅಂಕೆಗಳ ಸಂಖ್ಯೆಯನ್ನು ನೇರವಾಗಿ ಬೀಸಿದರೆ, ಸಾಧ್ಯವಾದ ಸಂಖ್ಯೆಗಳು 1 ಲಕ್ಷ ಕೋಟಿ. ಸೆಕೆಂಡಿಗೆ 10 ಕೋಟಿಯಂತೆ ಒಂದೊಂದನ್ನೂ ಬೀಸಿ ನೋಡುವ ಯಂತ್ರಕ್ಕೆ 10,000 ಸೆಕೆಂಡುಗಳು, ಎಂದರೆ ಮೂರು ಗಂಟೆಗಿಂತಲೂ ಕಡಮೆ ಕಾಲವು ಸಾಕು. ಆದುದರಿಂದ ಗುಟ್ಟಾದ ದೊಡ್ಡ ಕೀಲಿಯೊಂದು ಈ ಮಿಶ್ರಣದಲ್ಲಿ ಇರಲೇಬೇಕು.

ಹಾಗಾದರೆ ನಾವು ಮಾಡಬೇಕಾದುದೇನು? ಫೋನಿನ ಸಂಖ್ಯೆಯು ಬದಲಾದ ದಿನವೇ ಗುರುತಿನ ಮನೆಗೆ ತಿಳಿಸಬೇಕು. ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತಿ ಪ್ರವೇಶದ ಪುಟಕ್ಕೆ ಹೋಗಬಾರದು. ಬಾಗಿಲು ಒಂದೇ ಆದುದರಿಂದ ಅದರ ಸುಳ್ಳು ಪ್ರತಿಯನ್ನು ಕಟ್ಟುವ ಆಸೆ ಕಳ್ಳರಿಗೆ ಹೆಚ್ಚು. ಸೇವಾಕೇಂದ್ರದ ಯಂತ್ರದಲ್ಲಿ ಕೆಲಸ ಮುಗಿಸಿದವರು ಪುರಸಭೆಯ ತಾಣದಿಂದ ಹೊರಬಂದರೆ ಸಾಲದು. ಗುರುತಿನ ಮನೆಯ ಬಿಲ್ಲೆಯೂ ಅಳಿಸಿಹೋಯಿತೆ ಎಂದು ನೋಡಿ ಏಳಬೇಕು. ಇಲ್ಲವಾದರೆ ಮುಂದೆ ಬಂದು ಕುಳಿತವನಿಗೆ ಎಲ್ಲ ಬಾಗಿಲುಗಳೂ ತೆರೆದಿರುತ್ತವೆ.

ಸರಕಾರವು ಮಾಡಬೇಕಾದುದೂ ಉಂಟು. ಕೀಲಿಕೈ ಕಳೆದುಕೊಂಡವರಿಗೆ, ಫೋನಿಲ್ಲದವರಿಗೆ, ಬೆರಳಚ್ಚು ಸವೆದುಹೋದ ಮುದುಕರಿಗೆ ಕಚೇರಿಯ ಮೇಜಿನ ಹಿಂದೆ ಒಬ್ಬ ಮನುಷ್ಯನು ಇರಬೇಕು. ಪಟೇಲರು ಬರೆದುಕೊಡುತ್ತಿದ್ದ ಚೀಟಿಯು ಕಳೆದುಹೋದರೆ ಹಳ್ಳಿಯವನು ಮತ್ತೆ ಅವರ ಜಗಲಿಗೆ ಹೋಗಿ ಇನ್ನೊಂದನ್ನು ಬರೆಯಿಸಿಕೊಳ್ಳಬಹುದಾಗಿತ್ತು; ಅವರು ಮುಖವನ್ನು ಬಲ್ಲವರು. ಯಂತ್ರವು ಮುಖವನ್ನು ಬಲ್ಲುದಲ್ಲ, ಸಂಖ್ಯೆಯನ್ನು ಮಾತ್ರ ಬಲ್ಲುದು. ಆ ಜಗಲಿಯನ್ನು ಕಿತ್ತುಹಾಕದೆ ಉಳಿಸಿಕೊಂಡಾಗ ಮಾತ್ರ, ಒಂದೇ ಕೀಲಿಕೈಯಿಂದ ಹಲವು ಬಾಗಿಲುಗಳನ್ನು ತೆರೆಯುವ ಈ ವಿದ್ಯೆಯು ಅಂಗಡಿಯ ಆ ಯಜಮಾನರಂತಹವರಿಗೂ ನಿಜವಾಗಿ ಉಪಕಾರಿಯಾಗುವುದು.